ಚಾ ಕುಡಿದ ಸಮಯ

ನನ್ನ ಗಂಡ ನನ್ನ ಜೊತೆಯಲ್ಲಿ ನಡೆದದ್ದು ಕಡಿಮೆ, ನನ್ನ ಮುಂದೆ ನಡೆದದ್ದೇ ಹೆಚ್ಚು. ಪ್ರತಿ ಶುಕ್ರವಾರ ಸಂಜೆ ಬೋಳಾರದ ನಮ್ಮ ಮನೆಯಿಂದ ಮಂಗಳಾದೇವಿ ದೇವಸ್ಥಾನಕ್ಕೆ ನಡೆದೇ ಹೋಗುವುದು ಮದುವೆಯಾದ ಲಾಗಾಯ್ತು ನಮ್ಮ ರೂಢಿ. ಗೇಟಿನ ಕೊಂಡಿ ಹಾಕಿ ನಾನು ತಿರುಗುವಷ್ಟರಲ್ಲಿ ಇವರು ಹಳೆಯ ಹಂಚಿನ ಕಾರ್ಖಾನೆಯ ಗೋಡೆ ದಾಟಿ ಆಗಿರುತ್ತಿತ್ತು. ತಿರುವಿನಲ್ಲಿ ಕೈಕಟ್ಟಿಕೊಂಡು ನಿಂತು ಕಾಯುತ್ತಿದ್ದರು. ನಾನು ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ, ಏದುಸಿರು ಬಿಡುತ್ತಾ ಹತ್ತಿರ ಬಂದ ಕೂಡಲೇ, "ಹಾಂ, ಬಂದೆಯಾ? ಹೋಗುವ" ಎಂದು ಮತ್ತೆ ಹೊರಟೇಬಿಡುತ್ತಿದ್ದರು. ಅಂದರೆ ನಿಂತು ಸುಧಾರಿಸಿಕೊಳ್ಳುವ ಯೋಗ ಇವರಿಗೆ ಮಾತ್ರ, ನನಗಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಹೋಯ್, ನಾನೇನು ನಿಮ್ಮ ಹಿಂದೆ ಬರುವ ಆಡಿನ ಮರಿಯಾ?" ಎಂದು ರಸ್ತೆಯಲ್ಲೇ ಕೂಗುತ್ತಿದ್ದೆ. ಇವರು ತಿರುಗಿಯೂ ನೋಡುತ್ತಿರಲಿಲ್ಲ. ತಪ್ಪು ಇವರದ್ದಲ್ಲ ಎಂದು ಅತ್ತೆ ಹೇಳುತ್ತಿದ್ದರು. ಪೂಜೆಯ ಮನೆತನ. ಇವರು ಚಿಕ್ಕವರಿರುವಾಗ ತಂದೆಯ ಜೊತೆ ಮಡಿಯುಟ್ಟು ಬೆಳಗ್ಗೆ ಮನೆಯಿಂದ ಮನೆಗೆ ಪೂಜೆಗೆ ಹೋಗಬೇಕಿತ್ತಂತೆ. ಮಡಿಯಲ್ಲಿರುವವರು ದಾರಿಯಲ್ಲಿ ಯಾರನ್ನೂ ಮುಟ್ಟಬಾರದು, ನಿಂತು ಮಾತಾಡಬಾರದು, ಸರಸರನೆ ರಸ್ತೆಯ ಬದಿ ಹಿಡಿದು ಹೋಗಬೇಕು. ಆಮೇಲೆ ಓದಿ ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರೂ, ಪ್ಯಾಂಟು ಹಾಕಿದರೂ, ನಡಿಗೆ ಮಾತ್ರ ಮಡಿಯ ನಡಿಗೆಯೇ ಆಗಿ ಉಳಿಯಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬಾಯಿಯಲ್ಲಿ ಸೋತರೆ ಲೆಕ್ಕದಲ್ಲಿ ಗೆಲ್ಲದೆ ಬಿಡುವವಳಲ್ಲ. "ಕೇಳಿ ಇಲ್ಲಿ," ಎಂದು ದೇವಸ್ಥಾನದ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುತ್ತಾ ಹೇಳುತ್ತಿದ್ದೆ. "ಇಬ್ಬರೂ ಮನೆಯಿಂದ ಒಟ್ಟಿಗೆ ಹೊರಟದ್ದು. ಇಬ್ಬರೂ ಇಲ್ಲಿಗೆ ಒಟ್ಟಿಗೆ ಮುಟ್ಟಿದ್ದು. ದೂರ ಒಂದೇ, ಸಮಯ ಒಂದೇ. ಹಾಗಾದ್ರೆ ಸರಾಸರಿ ವೇಗವೂ ಒಂದೇ. ನೀವು ಓಡಿ ಓಡಿ ಎಂತ ಸಾಧಿಸಿದ್ದು?"

"ನಿಂತದ್ದು, ಮಾರಾಯ್ತಿ," ಎನ್ನುತ್ತಿದ್ದರು. "ನಿನಗೆ ನಿಲ್ಲಲಿಕ್ಕೆ ಸಿಕ್ಕಿತಾ?"

ಹೀಗೆ ಹೇಳಿ ನಗುವುದು ಇವರ ಅಭ್ಯಾಸ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ ಇದ್ದದ್ದರಿಂದ ಇಂಥ ಜಗಳಗಳಿಗೆ ನ್ಯಾಯ ಹೇಳುವವರು ಯಾರೂ ಇರಲಿಲ್ಲ. ಒಂದೇ ಜಗಳವನ್ನು ವರ್ಷಗಟ್ಟಲೆ ಆಡಿದೆವು, ಬೇಸರ ಬರಲಿಲ್ಲ.

ಇನ್ನೊಂದು ಜಗಳ ನನ್ನ ಶಾಲೆಯದ್ದು. ಸರಾಸರಿ ವೇಗದ ಪಾಠಕ್ಕೆ ನಾನೇ ಮಾಡಿಕೊಂಡ ಒಂದು ಲೆಕ್ಕ ಉಂಟು. ಒಂದು ಬಸ್ಸು ಮಂಗಳೂರಿನಿಂದ ಪುತ್ತೂರಿಗೆ ಐವತ್ತು ಕಿಲೋಮೀಟರು ಹೋಗುತ್ತದೆ. ಒಟ್ಟು ಎರಡೂವರೆ ಗಂಟೆ ಬೇಕಾಯಿತು. ಅದರಲ್ಲಿ ಅರ್ಧ ಗಂಟೆ ನಡುವಿನ ಬಿ.ಸಿ. ರೋಡ್ ಪೇಟೆಯಲ್ಲಿ ಚಾಕ್ಕೆ ನಿಂತಿತ್ತು. ಬಸ್ಸಿನ ಸರಾಸರಿ ವೇಗ ಎಷ್ಟು? ಅರ್ಧ ತರಗತಿ ಚಾದ ಅರ್ಧ ಗಂಟೆಯನ್ನು ಕಳೆದು, ಎರಡು ಗಂಟೆಯಿಂದ ಭಾಗಿಸಿ, ಇಪ್ಪತ್ತೈದು ಎಂದು ಬರೆಯುತ್ತದೆ. ತಪ್ಪು. ಉತ್ತರ ಇಪ್ಪತ್ತು. ಹೊರಟಲ್ಲಿಂದ ಮುಟ್ಟುವವರೆಗಿನ ಒಟ್ಟು ಸಮಯ ಬೇಕು. ಬಸ್ಸು ನಿಂತಿತು ಎಂದು ಗಡಿಯಾರ ನಿಲ್ಲುತ್ತದಾ? ಪ್ರತಿ ವರ್ಷ ನಾನು ಡಸ್ಟರಿನಿಂದ ಮೇಜಿಗೆ ಕುಟ್ಟಿ ಹೇಳುವ ಮಾತು ಒಂದೇ: "ಚಾ ಕುಡಿದ ಸಮಯವೂ ಸಮಯವೇ!"

ಮನೆಯಲ್ಲಿ ಉತ್ತರಪತ್ರಿಕೆ ತಿದ್ದುವಾಗ ಇವರು ಹಿಂದಿನಿಂದ ಇಣುಕಿ, "ಪಾಪ, ಚಾ ಕುಡಿದದ್ದಕ್ಕೆಲ್ಲ ಮಕ್ಕಳ ಮಾರ್ಕು ಕಟ್ ಮಾಡ್ತೀಯಲ್ಲ, ಕಟುಕಿ" ಎನ್ನುತ್ತಿದ್ದರು. ಪೇಟೆಗೆ ತರಕಾರಿಗೆಂದು ಹೋದವರು ತಡವಾಗಿ ಬಂದರೆ, ನಾನು ಬಾಯಿ ತೆರೆಯುವ ಮೊದಲೇ ಚೀಲ ಕೆಳಗಿಟ್ಟು, "ಟೀಚರೇ, ಚಾ ಕುಡಿದ ಸಮಯವೂ ಸಮಯವೇ" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ನನ್ನ ಮಾತನ್ನು ನನಗೇ ತಿರುಗಿಸುವುದರಲ್ಲಿ ಇವರಿಗೆ ಬಹಳ ಖುಷಿ.

ಇವರಿಗೆ ಒಣಕೆಮ್ಮು ಶುರುವಾದಾಗ ನಾನು ತಲೆಕೆಡಿಸಿಕೊಳ್ಳಲಿಲ್ಲ. ಮಳೆಗಾಲ ಮುಗಿಯುವಾಗ ಊರಲ್ಲಿ ಯಾರಿಗೆ ಕೆಮ್ಮಿಲ್ಲ? ಕರಿಮೆಣಸಿನ ಕಷಾಯ ಮಾಡಿ ಕೊಟ್ಟೆ. ಒಂದು ಶುಕ್ರವಾರ ಎಂದಿನ ಹಾಗೆ ಇವರು ಮುಂದೆ ಹೋಗಿ ತಿರುವಿನಲ್ಲಿ ನಿಂತಿದ್ದರು. ನಾನು ಹತ್ತಿರ ಹೋದೆ. "ಹೋಗುವ" ಎಂಬ ಮಾತು ಬರಲಿಲ್ಲ. ಒಂದು ಕೈಯನ್ನು ಕಾರ್ಖಾನೆಯ ಗೋಡೆಗೆ ಊರಿಕೊಂಡಿದ್ದರು.

"ನಿಲ್ಲು ಸ್ವಲ್ಪ," ಎಂದರು.

ಅಷ್ಟು ವರ್ಷ ನಾನು ಬೇಡಿಕೊಂಡು ಬೇಡಿಕೊಂಡು ಸಿಗದ ಮಾತು ಅದು. ಸಿಕ್ಕಿದಾಗ ನನಗೆ ಬೇಡವಾಗಿತ್ತು.

ಶ್ವಾಸಕೋಶ ಒಳಗಿನಿಂದ ಗಟ್ಟಿಯಾಗುತ್ತಾ ಬರುವ ಕಾಯಿಲೆ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದರು. ಗುಣವಾಗುವಂಥದ್ದಲ್ಲ. ಒಂದು ಮದ್ದು ಉಂಟು, ಅದು ಹಿಡಿದರೆ ಇದ್ದ ಹಾಗೆ ನಿಲ್ಲಿಸಬಹುದು. ಮದ್ದು ಹಿಡಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ನಾನು ಕೇಳಿದೆ. ಡಾಕ್ಟರು ಹೇಳಿದ್ದು ನನಗೆ ತಕ್ಷಣ ಅರ್ಥವಾಯಿತು, ಯಾಕೆಂದರೆ ಅದು ನನ್ನ ಪಾಠವೇ. ಮೂರು ತಿಂಗಳಿಗೊಮ್ಮೆ ಆರು ನಿಮಿಷ ನಡೆಸಿ ನೋಡುತ್ತಾರೆ. ಎಷ್ಟು ದೂರ ನಡೆದರು ಎಂದು ಅಳೆಯುತ್ತಾರೆ. ದೂರ ಹಾಗೇ ಉಳಿದರೆ ಮದ್ದು ಹಿಡಿದಿದೆ. ಕಡಿಮೆಯಾದರೆ, ಇಲ್ಲ.

"ಇಷ್ಟೇಯಾ?" ಎಂದರು ಇವರು ಹೊರಗೆ ಬಂದು. "ನಡೆಯುವ ಪರೀಕ್ಷೆ ಅಲ್ವಾ? ಅದರಲ್ಲಿ ನನ್ನನ್ನು ಫೇಲ್ ಮಾಡುವವರು ಯಾರು?"

ಮೊದಲ ಪರೀಕ್ಷೆಗೆ ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಎರಡು ತುದಿಗೆ ಎರಡು ಕಿತ್ತಳೆ ಬಣ್ಣದ ಕೋನುಗಳನ್ನು ಇಟ್ಟಿದ್ದರು, ರಸ್ತೆ ಅಗೆಯುವಾಗ ಇಡುತ್ತಾರಲ್ಲ, ಅಂಥದ್ದು. ಬೆರಳಿಗೆ ಒಂದು ಕ್ಲಿಪ್ಪು. ಫಿಸಿಯೋಥೆರಪಿಯ ಹುಡುಗಿ ಒಬ್ಬಳು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, "ಅಂಕಲ್, ಓಡ್ಬಾರ್ದು ಆಯ್ತಾ, ನಿಮ್ಮಷ್ಟಕ್ಕೆ ನಡೀರಿ" ಎಂದಳು. ಇವರು ಕೋನಿನಿಂದ ಕೋನಿಗೆ ಹೋಗಿ ಬಂದು ಮಾಡಿದರು. ಮುನ್ನೂರ ಅರವತ್ತು ಮೀಟರು. ಆರು ನಿಮಿಷ ಎಂದರೆ ಗಂಟೆಯಲ್ಲಿ ಹತ್ತನೇ ಒಂದು ಪಾಲು. ಹಾಗಾಗಿ ಗಂಟೆಯ ವೇಗಕ್ಕೆ ಕಾಗದ ಪೆನ್ನು ಬೇಡ, ದಶಮಾಂಶದ ಚುಕ್ಕಿ ಸರಿಸಿದರೆ ಸಾಕು. ಮೂರು ಪಾಯಿಂಟ್ ಆರು ಕಿಲೋಮೀಟರು. ಇವರ ಮಡಿನಡಿಗೆಯ ಹತ್ತಿರಕ್ಕೂ ಬರುವ ವೇಗವಲ್ಲ. ಆದರೂ ಆ ಅಂಕೆಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಇದು ಉಳಿದರೆ ಸಾಕು, ಬೇರೆ ಏನೂ ಬೇಡ ತಾಯೀ ಎಂದು ಮಂಗಳಾದೇವಿಗೆ ಹೇಳಿಕೊಂಡೆ. ಪಾತ್ರೆ ತೊಳೆಯುವಾಗ, ತರಗತಿಯಲ್ಲಿ ಹಾಜರಿ ಕರೆಯುವಾಗ, ಮನಸ್ಸಿನಲ್ಲಿ ಅದೇ. ಮೂರು ಪಾಯಿಂಟ್ ಆರು.

ಎರಡನೆಯ ಪರೀಕ್ಷೆಯ ದಿನ ಇವರು ಚೆನ್ನಾಗಿಯೇ ಹೊರಟರು. ನಾಲ್ಕೈದು ಸಲ ಹೋಗಿ ಬಂದವರು ನಡುವೆ ಕಿಟಕಿಯ ಸರಳು ಹಿಡಿದು ನಿಂತುಬಿಟ್ಟರು. ನಾನು ಆ ಹುಡುಗಿಯ ಕೈಯನ್ನು ನೋಡಿದೆ. ಸ್ಟಾಪ್‌ವಾಚ್ ಓಡುತ್ತಲೇ ಇತ್ತು.

"ವಾಚ್ ನಿಲ್ಲಿಸಿ," ಎಂದೆ.

"ನಿಲ್ಲಿಸ್ಲಿಕ್ಕೆ ಇಲ್ಲ ಆಂಟಿ."

"ಎಂತ ಇಲ್ಲ? ಅವರು ನಡೀತಾ ಇಲ್ಲ, ನಿಂತಿದ್ದಾರೆ. ಕಾಣ್ತಾ ಇಲ್ವಾ ನಿಮಗೆ?"

"ನಿಂತದ್ದೂ ಆರು ನಿಮಿಷದ ಒಳಗೇ ಬರ್ತದೆ ಆಂಟಿ. ರೂಲ್ ಹಾಗೇ ಉಂಟು."

ಇವರು ಒಂದೂವರೆ ನಿಮಿಷ ನಿಂತರು. ಆಮೇಲೆ ಮತ್ತೆ ನಡೆದರು, ಮೊದಲಿನ ಹಾಗೇ ನಡೆದರು. ಇನ್ನೂರ ಎಪ್ಪತ್ತು ಮೀಟರು ಎಂದು ಅವಳು ಬರೆದುಕೊಂಡಳು. ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ನಾನು ಆಗಲೇ ಭಾಗಿಸಿ ಆಗಿತ್ತು. ಆರರಲ್ಲಿ ಒಂದೂವರೆ ಕಳೆದರೆ ನಾಲ್ಕೂವರೆ. ಇನ್ನೂರ ಎಪ್ಪತ್ತನ್ನು ನಾಲ್ಕೂವರೆಯಿಂದ ಭಾಗಿಸಿದರೆ ನಿಮಿಷಕ್ಕೆ ಅರವತ್ತು ಮೀಟರು. ಕಳೆದ ಸಲವೂ ನಿಮಿಷಕ್ಕೆ ಅರವತ್ತೇ. ಅದೇ ಮೂರು ಪಾಯಿಂಟ್ ಆರು, ಒಂದು ಕೂದಲೂ ಕಡಿಮೆಯಿಲ್ಲ!

"ಇವರ ವೇಗ ಕಡಿಮೆಯೇ ಆಗ್ಲಿಲ್ಲ," ಎಂದು ನಾನು ವರಾಂಡ ಹಾರಿಹೋಗುವ ಹಾಗೆ ಕೂಗಿದೆ. "ನಡೆದಷ್ಟು ಹೊತ್ತು ಅದೇ ಸ್ಪೀಡಲ್ಲಿ ನಡೆದಿದ್ದಾರೆ. ನಡುವೆ ನಿಂತದ್ದು ಮಾತ್ರ. ನಿಂತದ್ದನ್ನು ಕಳೀಬೇಕು ನೀವು. ಕಳೆದು ಬರೀರಿ. ಮದ್ದು ಹಿಡಿದಿದೆ ಇವರಿಗೆ. ಸುಮ್ನೆ ಏನೇನೋ ಬರೆದು ಡಾಕ್ಟರಿಗೆ ಕೊಡ್ಬೇಡಿ!"

ಕುರ್ಚಿಗಳಲ್ಲಿ ಕುಳಿತಿದ್ದ ಜನ ತಿರುಗಿ ನೋಡಿದರು. ಹುಡುಗಿಯ ಮುಖ ಸಣ್ಣದಾಯಿತು. ಪಾಪ, ನನ್ನ ಹಳೆಯ ವಿದ್ಯಾರ್ಥಿನಿಯರ ಪ್ರಾಯದವಳು. ಆಗ ಗೋಡೆಬದಿಯ ಕುರ್ಚಿಯಿಂದ, ಮೂಗಿಗೆ ಆಕ್ಸಿಜನ್ನಿನ ನಳಿಗೆ ಹಾಕಿಸಿಕೊಳ್ಳುತ್ತಾ, ತುಂಡು ತುಂಡು ಉಸಿರಿನಲ್ಲಿ ಇವರು ಹೇಳಿದರು:

"ಟೀಚರೇ... ಚಾ ಕುಡಿದ ಸಮಯವೂ... ಸಮಯವೇ."

ಹೇಳಿ ನಕ್ಕರು. ನಕ್ಕು ಕೆಮ್ಮಿದರು. ನನಗೆ ಅಳುವುದೋ, ಅಲ್ಲೇ ಎರಡು ಬಿಡುವುದೋ ಗೊತ್ತಾಗಲಿಲ್ಲ. ಅಷ್ಟು ವರ್ಷ ಮಕ್ಕಳ ಉತ್ತರಕ್ಕೆ ಕೆಂಪು ಗೆರೆ ಎಳೆದವಳು ನಾನು, ಅವರು ಮಾಡುವ ತಪ್ಪನ್ನೇ ಇಷ್ಟು ಜನರ ಎದುರು ಮಾಡಿದೆ. ಗೊತ್ತಿದ್ದೇ ಮಾಡಿದೆ. ಈಗ ಕೇಳಿದರೂ ಮಾಡುತ್ತೇನೆ.

ಆಟೋದಲ್ಲಿ ನಾನು ಮುಖ ಹೊರಗೆ ಹಾಕಿ ಕುಳಿತಿದ್ದೆ. ಇವರೇ ಮೊಣಕೈಯಿಂದ ತಿವಿದು, "ನಾನು ನಿಂತ ಆ ಕಿಟಕಿಯಿಂದ ಎಂತ ಕಾಣ್ತದೆ ಗೊತ್ತುಂಟಾ?" ಎಂದರು.

"ನನಗೆ ಬೇಡ."

"ಒಂದು ಹಲಸಿನ ಮರ. ಆಸ್ಪತ್ರೆಯವರು ಅದರ ಕೊಂಬೆಗೆ ನೆಲ ಒರೆಸುವ ಬಟ್ಟೆ ಒಣಗಿಸ್ಲಿಕ್ಕೆ ಹಾಕಿದ್ದಾರೆ. ಕಾಯಿಗೂ ಬಟ್ಟೆಗೂ ವ್ಯತ್ಯಾಸವೇ ಗೊತ್ತಾಗುದಿಲ್ಲ ಮಾರಾಯ್ತಿ."

"ಸಾಯಲಿಕ್ಕೆ ಹೊರಟವರಿಗೆ ಹಲಸಿನಕಾಯಿ," ಎಂದುಬಿಟ್ಟೆ. ಬಾಯಿಂದ ಬಿದ್ದುಹೋಯಿತು. ಆಟೋದವನು ಕನ್ನಡಿಯಲ್ಲಿ ನೋಡಿದ. ಇವರು ನನ್ನ ಕೈ ಹಿಡಿದುಕೊಂಡು ಬೋಳಾರದವರೆಗೂ ಬಿಡಲಿಲ್ಲ.

ಆಮೇಲೂ ಶುಕ್ರವಾರ ತಪ್ಪಿಸಲಿಲ್ಲ. ಆಟೋದಲ್ಲಿ ಹೋಗುವ ಎಂದರೆ ಕೇಳುವವರಲ್ಲ. ಹಂಚಿನ ಕಾರ್ಖಾನೆಯ ಗೋಡೆಯ ಹತ್ತಿರ ಒಂದು ನಿಲುಗಡೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಇನ್ನೊಂದು. ಅಲ್ಲಿಂದ ಸ್ವಲ್ಪ ಏರು, ಅದು ಮುಗಿಯುವಲ್ಲಿ ಬ್ಯಾರಿ ಕಾಕನ ಜಿನಸಿನಂಗಡಿ. ಕಾಕ ಗಲ್ಫಿನಲ್ಲಿ ತುಂಬ ವರ್ಷ ಇದ್ದು ಬಂದವರು. ಆ ಅಂಗಡಿಯ ಎದುರಿನಿಂದ ಇವರು ಅದೆಷ್ಟು ಸಲ ಸರಸರನೆ ಹೋಗಿದ್ದರೋ, ಒಂದು ದಿನವೂ ನಿಂತವರಲ್ಲ. ಇವರು ಕಂಬ ಹಿಡಿದು ನಿಂತದ್ದನ್ನು ನೋಡಿ ಕಾಕ ಒಳಗಿನಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಜಗಲಿಯಲ್ಲಿ ಹಾಕಿದರು. ಏನು, ಎತ್ತ ಎಂದು ವಿಚಾರಿಸಲಿಲ್ಲ.

"ಕೂತ್ಕೊಳ್ಳಿ ಭಟ್ರೇ," ಎಂದರು. "ಎಂತ ಅರ್ಜೆಂಟ್ ಉಂಟು ನಿಮಗೆ?"

"ನನಗೆ ಇಲ್ಲ ಕಾಕ," ಎಂದರು ಇವರು ಕುಳಿತು, ಉಸಿರು ಸಿಕ್ಕಿದ ಮೇಲೆ. "ದೇವಿಗೆ ಉಂಟು. ಬಾಗಿಲು ಹಾಕ್ತಾರಲ್ಲ."

ಕಾಕ ನಕ್ಕು ಪಕ್ಕದ ಹೋಟೆಲಿಗೆ ಕೈಸನ್ನೆ ಮಾಡಿ ಚಾ ಹೇಳಿದರು. ಅಂದಿನಿಂದ ಅದೂ ರೂಢಿಯಾಯಿತು. ನಾವು ಟ್ರಾನ್ಸ್‌ಫಾರ್ಮರಿನ ಹತ್ತಿರ ಕಾಣುವಾಗಲೇ ಕುರ್ಚಿ ಹೊರಗೆ ಬರುತ್ತಿತ್ತು. ಪ್ರತಿ ಸಲ ಕಾಕ ಅದೇ ಕೇಳುವುದು, ಇವರು ಅದೇ ಹೇಳುವುದು. ಅರ್ಧ ಗ್ಲಾಸು ಚಾ ಇವರಿಗೆ, ಅರ್ಧ ನನಗೆ. ಯಾರ ಮಗ ದುಬೈಯಿಂದ ಬಂದ, ಯಾವ ಗಲ್ಲಿಗೆ ನೀರು ಬಂದಿಲ್ಲ, ಎಲ್ಲ ಇವರಿಗೆ ಗೊತ್ತಾಗತೊಡಗಿತು. "ಇಷ್ಟು ಜನ ಉಂಟಾ ಮಾರಾಯ್ತಿ ಈ ರೋಡಲ್ಲಿ!" ಎಂದು ಆಶ್ಚರ್ಯಪಡುತ್ತಿದ್ದರು. ಹುಟ್ಟಿ ಬೆಳೆದ ರಸ್ತೆ ಅದು.

ಸತ್ಯ ಹೇಳುತ್ತೇನೆ, ಆ ತಿಂಗಳುಗಳಲ್ಲಿ ನನಗೆ ಸುಖವೂ ಇತ್ತು. ಹೇಳಿಕೊಳ್ಳಲು ಸಂಕಟವಾಗುತ್ತದೆ, ಆದರೆ ಇತ್ತು. ಜೀವಮಾನವಿಡೀ ಇವರ ಬೆನ್ನು ನೋಡಿಕೊಂಡು ನಡೆದವಳು ನಾನು. ಈಗ ಇವರ ತೋಳು ನನ್ನ ತೋಳಿಗೆ ತಾಗುತ್ತಿತ್ತು. ಪಕ್ಕದಿಂದ ನೋಡಿದರೆ ಇವರ ಕಿವಿಯ ಹಿಂದೆ ಒಂದು ಮಚ್ಚೆ ಉಂಟು ಎಂದು ಆಗ ಗೊತ್ತಾಯಿತು. ದೇವಸ್ಥಾನಕ್ಕೆ ಮುಟ್ಟುವಾಗ ಕೆಲವೊಮ್ಮೆ ದೀಪಾರಾಧನೆ ಮುಗಿದೇ ಹೋಗಿರುತ್ತಿತ್ತು. ನಮ್ಮ ಸರಾಸರಿ ವೇಗ ಎಷ್ಟಾಗಿರಬಹುದು ಎಂದು ಒಂದು ದಿನವೂ ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಎದೆ ಒಡೆದುಕೊಳ್ಳುತ್ತಿದ್ದೆ.

ಮೂರನೆಯ ಪರೀಕ್ಷೆಗೆ ಅದೇ ಹುಡುಗಿ ಬಂದಳು. ಈ ಸಲ ಇವರು ನಡೆದದ್ದಕ್ಕಿಂತ ನಿಂತದ್ದು ಹೆಚ್ಚು. ಅವಳು ಸ್ಟಾಪ್‌ವಾಚನ್ನು ನನಗೆ ಕಾಣದ ಹಾಗೆ ಕೋಟಿನ ಹತ್ತಿರ ಹಿಡಿದುಕೊಂಡಿದ್ದಳು. ಕೊನೆಗೆ ಮೀಟರು ಹೇಳಿದಳು, ಬಹಳ ಮೆಲ್ಲಗೆ. ನಾನು ಚುಕ್ಕಿ ಸರಿಸಲಿಲ್ಲ. ಕಳೆಯಲೂ ಇಲ್ಲ, ಭಾಗಿಸಲೂ ಇಲ್ಲ. ಅವಳೇ ಬಂದು ನನ್ನ ಪಕ್ಕ ಕುಳಿತಳು. "ಆಂಟಿ, ಬೈಯಿರಿ ಬೇಕಾದ್ರೆ" ಎಂದಳು.

ಇವರು ಹೋದದ್ದು ಮಧ್ಯಾಹ್ನದ ಹೊತ್ತು, ಮನೆಯಲ್ಲೇ. ಆಕ್ಸಿಜನ್ನಿನ ಯಂತ್ರ ಗುರ್ ಎನ್ನುತ್ತಿತ್ತು. ಗಂಜಿ ಆರಿಸಿ ತರುತ್ತೇನೆ ಎಂದು ಅಡುಗೆಮನೆಗೆ ಹೋದೆ. ತರುವಾಗ ಯಂತ್ರ ಹಾಗೇ ಗುರ್ ಎನ್ನುತ್ತಿತ್ತು, ಇವರು ಇರಲಿಲ್ಲ. ಅಲ್ಲಿಯೂ ಮುಂದೆ ಹೋದರು. "ಹೋಯ್, ನಿಲ್ಲಿ, ನಿಲ್ಲಿ ಸ್ವಲ್ಪ" ಎಂದು ನಾನು ಕೂಗಿದ್ದು ಪಕ್ಕದ ಮನೆಗೆ ಕೇಳಿಸಿತಂತೆ. ಗಂಜಿಯ ಬಟ್ಟಲು ಕೈಯಲ್ಲೇ ಇತ್ತು.

ಉತ್ತರಕ್ರಿಯೆ ಮುಗಿದು ಶಾಲೆಗೆ ಹೋದ ವಾರದಲ್ಲೇ ಸರಾಸರಿ ವೇಗದ ಪಾಠ ಬಂತು. ಸೂತ್ರ ಬರೆಸಿದೆ. ಬಸ್ಸಿನ ಲೆಕ್ಕವನ್ನು ಹಲಗೆಯ ಮೇಲೆ ಪುತ್ತೂರಿನವರೆಗೆ ಬರೆದೆ. ಬಿ.ಸಿ. ರೋಡ್ ಬರೆಯಲಿಕ್ಕೆ ಕೈ ಏಳಲಿಲ್ಲ. ಒರೆಸಿ, "ಇದು ಬೇಡ, ಪುಸ್ತಕದ್ದು ಮಾಡಿ" ಎಂದೆ. ಎಲ್ಲ ಮಕ್ಕಳಿಗೂ ಉತ್ತರ ಸರಿ ಬಂತು. ಪುಸ್ತಕದ ಬಸ್ಸುಗಳು ಎಲ್ಲಿಯೂ ನಿಲ್ಲುವುದಿಲ್ಲ.

ಆ ಶುಕ್ರವಾರ ಸಂಜೆ ಮನೆಯಲ್ಲಿ ಇರಲಾಗಲಿಲ್ಲ. ವರ್ಷ ಕಳೆಯದೆ ದೇವಸ್ಥಾನದ ಒಳಗೆ ಹೋಗಬಾರದು ಎಂದು ಇವರ ಕಡೆಯವರು ಹೇಳಿದ್ದರು. ಒಳಗೆ ಹೋಗಬಾರದು ಸರಿ, ರಸ್ತೆಗೂ ಸೂತಕವಾ? ಚಪ್ಪಲಿ ಮೆಟ್ಟಿ ಹೊರಟೆ. ಕಾರ್ಖಾನೆಯ ಗೋಡೆ, ಟ್ರಾನ್ಸ್‌ಫಾರ್ಮರು, ಏರು. ಕಾಕನ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು, ನಮಾಜಿಗೆ ಹೋಗಿದ್ದರು ಎಂದು ಕಾಣುತ್ತದೆ. ತಲೆ ಎತ್ತಿದರೆ ದೇವಸ್ಥಾನದ ಎದುರು ಮುಟ್ಟಿಬಿಟ್ಟಿದ್ದೇನೆ! ಅಯ್ಯೋ, ಇಷ್ಟೇಯಾ ದಾರಿ? ಏದುಸಿರೂ ಬಂದಿರಲಿಲ್ಲ. ಮುಂದೆ ಹೋಗಿ ನಿಂತವರಿಲ್ಲ, ಪಕ್ಕದಲ್ಲಿ ನಿಲ್ಲಿಸುವವರಿಲ್ಲ. ನಾನು ಇಷ್ಟು ಬೇಗ ಅಲ್ಲಿಗೆ ಯಾವತ್ತೂ ಬಂದವಳಲ್ಲ. ಹೂ ಮಾರುವವಳು, "ಟೀಚರ್, ಒಬ್ರೇಯಾ?" ಎಂದಳು. ಅವಳಿಗೆ ಗೊತ್ತಿರಲಿಲ್ಲ. ತಲೆಯಾಡಿಸಿ, ಹೊರಗಿನಿಂದಲೇ ಕೈಮುಗಿದು ತಿರುಗಿದೆ. ನನಗೆ ದೇವರ ಮೇಲೆ ಸಿಟ್ಟಿತ್ತು, ರಸ್ತೆಯ ಮೇಲೂ ಸಿಟ್ಟಿತ್ತು, ನನ್ನ ಗಟ್ಟಿಮುಟ್ಟಾದ ಕಾಲುಗಳ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟಿತ್ತು.

ವಾಪಸು ಬರುವಾಗ ಅಂಗಡಿ ತೆರೆದಿತ್ತು. ಕಾಕ ದೂರದಿಂದ ನನ್ನನ್ನು ನೋಡಿದರು. ನೋಡಿದ ಕೂಡಲೇ ಒಳಗೆ ಹೋಗಿ ಕೆಂಪು ಕುರ್ಚಿ ಎತ್ತಿಕೊಂಡು ಬಂದರು, ಅಭ್ಯಾಸಬಲ. ಜಗಲಿಯಲ್ಲಿ ಇಡಲು ಬಗ್ಗಿದವರಿಗೆ ಅರ್ಧದಲ್ಲಿ ನೆನಪಾಯಿತು. ಇಡಲೂ ಇಲ್ಲ, ಒಳಗೆ ಒಯ್ಯಲೂ ಇಲ್ಲ. ಕುರ್ಚಿಯನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟರು.

ನಾನು ಸುಮ್ಮನೆ ಹೋಗಿಬಿಡಬಹುದಿತ್ತು. ಮನೆ ಹತ್ತಿರವೇ. ಆದರೆ ಕಾಲು ಅಲ್ಲಿಯೇ ನಿಂತಿತು.

"ಇಡಿ ಕಾಕ," ಎಂದೆ.

ಇಟ್ಟರು. "ಕೂತ್ಕೊಳ್ಳಿ ಟೀಚರ್," ಎಂದರು. "ಎಂತ ಅರ್ಜೆಂಟ್..." ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡರು. ಅವರ ಕಣ್ಣು ತುಂಬಿತು.

ದೇವಿಯ ಬಾಗಿಲು ಹಾಕುವ ಮಾತು ಇವರದ್ದು, ಅದನ್ನು ನಾನು ಹೇಳಲಾರೆ. "ಅರ್ಜೆಂಟ್ ಎಂತದೂ ಇಲ್ಲ ಕಾಕ," ಎಂದೆ. ಕುಳಿತೆ. ಪಕ್ಕದ ಹೋಟೆಲಿನಿಂದ ಚಾ ಬಂತು, ಯಾರೂ ಹೇಳದೆಯೇ. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು, ಜನ ನೋಡುತ್ತಿದ್ದರು, ನಾನು ನಾಚಿಕೆಯಿಲ್ಲದೆ ಅತ್ತೆ. ಅರ್ಧ ಗ್ಲಾಸು ಕುಡಿದೆ. ಉಳಿದರ್ಧವನ್ನು ಕೈಯಲ್ಲಿ ಹಿಡಿದುಕೊಂಡು, ಅದು ಪೂರ್ತಿ ತಣ್ಣಗಾಗುವವರೆಗೂ ಅಲ್ಲೇ ಕುಳಿತಿದ್ದೆ.